ಗುಂಡ, ಚುಕ್ಕಿ ಮತ್ತು ನಿನ್ನ ಕತೆ

ಪ್ರೀತಿಯ ತಮ್ಮಾ,

ನಿನ್ನ ಬೆಕ್ಕಿನ ಕತೆ ಎರಡು ಸಲ ಓದಿದೆ. ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಮೊದಲ ಪುಟದಲ್ಲೇ ಒಂದನ್ನು 'ಮುದ್ದು', ಇನ್ನೊಂದನ್ನು 'ಸೊಕ್ಕಿನದು' ಅಂತ ಬರೆದುಬಿಟ್ಟಿದ್ದೀಯ. ಆಮೇಲೆ ಕತೆಯುದ್ದಕ್ಕೂ ಆ ಎರಡು ಮಾತಿಗೆ ಸಾಕ್ಷಿ ಹುಡುಕಿದ್ದೀಯ. ಇದೇ ತಪ್ಪನ್ನು ನಾನು ಮನೆಯಲ್ಲೇ ಮಾಡಿದ್ದೆ.

ನಾವು ದತ್ತು ತಂದ ಬೆಕ್ಕುಗಳಲ್ಲಿ ಗುಂಡ ಮೊದಲನೆಯವನು. ಕೇಸರಿ ಬಣ್ಣ. ಬಂದ ದಿನವೇ ಮನೆ ತನ್ನದು ಅನ್ನೋ ಹಾಗೆ ಓಡಾಡಿದ. ಯಾರೇ ಬಂದರೂ ತೊಡೆ ಏರಿ ಕೂರುತ್ತಿದ್ದ. ಎಂಟು ತಿಂಗಳ ಮೇಲೆ ಚುಕ್ಕಿ ಬಂದಳು, ಮೂರು ಬಣ್ಣದವಳು. (ಮೂರು ಬಣ್ಣದ ಬೆಕ್ಕುಗಳು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣೇ. ಕೇಸರಿ, ಕಪ್ಪು ಎರಡೂ ಒಂದೇ ಮೈಮೇಲೆ ಬರಬೇಕಾದರೆ ಎರಡು ಎಕ್ಸ್ ವರ್ಣತಂತು ಬೇಕು, ಗಂಡಿಗೆ ಸಾಮಾನ್ಯವಾಗಿ ಇರೋದು ಒಂದೇ. ನಿನ್ನ ಕತೆಯ ಮೂರು ಬಣ್ಣದ ಗಂಡನ್ನು ಒಮ್ಮೆ ನೋಡಿಕೋ.)

ಮೊದಲ ಹನ್ನೊಂದು ದಿನ ಚುಕ್ಕಿ ಮಂಚದ ಕೆಳಗೇ ಇದ್ದಳು. ರಾತ್ರಿ ಬಟ್ಟಲು ಖಾಲಿಯಾಗುತ್ತಿತ್ತು, ಅಷ್ಟೇ ಅವಳ ಸುಳಿವು. ಪರಿಚಯ ಮಾಡಿಸೋಣ ಅಂತ ಇಬ್ಬರನ್ನೂ ಎತ್ತಿ ಎದುರುಬದುರು ಕೂರಿಸಿದೆ. ಆ ಗೀರು ಮೊಣಕೈ ಮೇಲೆ ಈಗಲೂ ಇದೆ. ಅವತ್ತೇ ನಾನೂ 'ಸೊಕ್ಕಿನವಳು' ಅಂದೆ.

ಪಶುವೈದ್ಯರು ಕೇಳಿ ನಕ್ಕರು. ಮರಿಗಳು ಮನುಷ್ಯರಿಗೆ ಹೊಂದಿಕೊಳ್ಳಲು ಕಲಿಯುವ ಮುಖ್ಯ ಕಾಲ ಸುಮಾರು 2ರಿಂದ 7ನೇ ವಾರದವರೆಗೆ. ಆಗ ಮನುಷ್ಯರ ಕೈ ಸೋಕದಿದ್ದರೆ ಆಮೇಲೆ ನಂಬಿಕೆ ಬರೋದು ನಿಧಾನ. ಗುಂಡ ಹುಟ್ಟಿದ್ದೇ ಜನರಿದ್ದ ಮನೆಯಲ್ಲಿ. ಚುಕ್ಕಿ ಜನರ ಕೈಗೆ ಸಿಕ್ಕಿದ್ದು ನಾಲ್ಕು ತಿಂಗಳಾದ ಮೇಲೆ. ನಾನು ಅಹಂಕಾರ ಅಂದುಕೊಂಡಿದ್ದು ಬರೀ ಹೆದರಿಕೆ.

ಅವಳಿಗೆ ಬೇರೆ ಕೋಣೆ ಕೊಟ್ಟೆವು. ವಾಸನೆ ರೂಢಿಯಾಗಲಿ ಅಂತ ಗುಂಡ ಮಲಗುವ ಬಟ್ಟೆ ಅವಳ ಹತ್ತಿರ, ಅವಳದು ಅವನ ಹತ್ತಿರ. ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ. ಎರಡು ಬೆಕ್ಕಿಗೆ ಕಕ್ಕಸಿಗೆ ಅಂತ ಮರಳು ತುಂಬಿದ ಮೂರು ಡಬ್ಬಿ. ನಾನು ಅವಳ ಕಡೆ ನೋಡಿ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯೋದು ಕಲಿತೆ. ನಗಬೇಡ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಹೀಗೆ ಮಾಡಿದರೆ ಬೆಕ್ಕೂ ಕಣ್ಣು ಕಿರಿದು ಮಾಡೋದು ಜಾಸ್ತಿ, ಗುರುತಿಲ್ಲದವರ ಹತ್ತಿರ ಬರೋದೂ ಜಾಸ್ತಿ. ಚುಕ್ಕಿ ಐದನೇ ವಾರ ಉತ್ತರ ಕೊಟ್ಟಳು.

ನನ್ನ ಲೆಕ್ಕ ಪೂರ್ತಿ ತಲೆಕೆಳಗಾಗಿದ್ದು ಇಬ್ಬರನ್ನೂ ಲಸಿಕೆಗೆ ಒಯ್ದ ದಿನ. ನಮ್ಮ ಧೈರ್ಯವಂತ ಗುಂಡ ಬುಟ್ಟಿಯಲ್ಲೇ ಉಚ್ಚೆ ಹೊಯ್ದುಕೊಂಡ. ನಡುಗುತ್ತಾ ಗುರ್ ಗುರ್ ಅನ್ನುತ್ತಿದ್ದ. ಬೆಕ್ಕು ಹಾಗೆ ಸದ್ದು ಮಾಡೋದು ಬರೀ ಖುಷಿಗಲ್ಲ, ನೋವಿಗೂ ಭಯಕ್ಕೂ ಮಾಡುತ್ತದೆ. ಚುಕ್ಕಿ ಸೂಜಿ ಚುಚ್ಚಿದರೂ ಅಲ್ಲಾಡಲಿಲ್ಲ. ಎಷ್ಟು ಗಟ್ಟಿ ಇವಳು ಅಂದುಕೊಳ್ಳುವಷ್ಟರಲ್ಲಿ ಮುಖ ನೋಡಿದೆ. ಕಿವಿ ಹಿಂದಕ್ಕೆ ಒತ್ತಿಕೊಂಡಿದ್ದವು, ಕಣ್ಣಿನ ಪಾಪೆ ಹಿಗ್ಗಿತ್ತು. ಮರಗಟ್ಟಿ ಹೋಗಿದ್ದಳು, ಪಾಪ.

ಹಾಗಾಗಿ ಆ ಎರಡು ವಿಶೇಷಣ ಹೊಡೆದುಹಾಕಿ ಇನ್ನೊಂದು ಸಲ ಬರಿ. ಕಿವಿ, ಬಾಲ, ಕೂತ ಜಾಗ ಬರಿ. ಮೂರನೇ ಪುಟದಲ್ಲಿ ಬೆಕ್ಕು ನೀರಿನ ಬಟ್ಟಲಿಗೆ ಕಾಲು ಅದ್ದಿ ನೆಕ್ಕುತ್ತದಲ್ವಾ, ಆ ಸಾಲು ಮುಟ್ಟಬೇಡ. 'ಸೋಮಾರಿ' ಅನ್ನೋದನ್ನೂ ತೆಗಿ. ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಅವುಗಳ ರೂಢಿ, ಚುರುಕಾಗೋದು ಮುಂಜಾನೆ, ಮುಸ್ಸಂಜೆ. ನೀನು ನೋಡಿರೋದು ಬರೀ ಮಧ್ಯಾಹ್ನ ಅನ್ನಿಸುತ್ತೆ.

ಇನ್ನು ಕತೆಯ ಕೊನೆ. ಎರಡೂ ತಬ್ಬಿಕೊಂಡು ಮಲಗುತ್ತವೆ ಅಂತ ಬರೆದಿದ್ದೀಯ. ಕೆಲವು ಮನೆಯಲ್ಲಿ ಆಗಬಹುದು. ನಮ್ಮಲ್ಲಿ ನಾಲ್ಕು ವರ್ಷವಾದರೂ ಆಗಿಲ್ಲ. ಒಂದೇ ಕಿಟಕಿಯಲ್ಲಿ ಕೂರುತ್ತಾರೆ, ನಡುವೆ ಒಂದು ಮೊಳ ಜಾಗ ಬಿಟ್ಟು. ಅದನ್ನು ಯಾರೂ ದಾಟೋದಿಲ್ಲ.

ತಿದ್ದಿ ಕಳಿಸು. ಆ ಮೂರು ಬಣ್ಣದ ಗಂಡಿನ ವಿಷಯ ಮರೀಬೇಡ.

ನಿನ್ನ,
ಅಣ್ಣ