ಬೆರಳಚ್ಚು ಹೊಂದದಿದ್ದರೂ ಹಂತಕನೇ?

ಮಾನ್ಯರೆ,

ಅಮೆರಿಕದ ‘ಜೋಡಿಯಾಕ್’ ಹಂತಕ ಕೊನೆಗೂ ಪತ್ತೆ ಎಂಬ ಸುದ್ದಿ ಆಗಾಗ ತಲೆ ಎತ್ತುತ್ತದೆ. ಹೆಚ್ಚಿನ ಸಲ ಆರ್ಥರ್ ಲೀ ಆಲೆನ್ ಎಂಬಾತನ ಸುತ್ತಲೇ ಗಿರಕಿ. 1968–69ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಐವರನ್ನು ಕೊಂದ ಈ ಹಂತಕ, ಪತ್ರಿಕಾ ಸಂಪಾದಕರಿಗೇ ಗೂಢಲಿಪಿಯ ಪತ್ರ ಬರೆಯುತ್ತಿದ್ದ. (ಓದುಗರ ಪತ್ರ ಬರೆಯುವ ನಮಗೆಲ್ಲ ಕೊಂಚ ಮುಜುಗರವೇ!)

ಆಲೆನ್ ಮೇಲೆ ಅನುಮಾನಕ್ಕೆ ಕಾರಣಗಳೇ ಇಲ್ಲವೆಂದಲ್ಲ. ಅವನ ಕೈಯಲ್ಲಿ ಜೋಡಿಯಾಕ್ ಕಂಪನಿಯ ವಾಚು. ಅದರ ಲಾಂಛನವೂ ಹಂತಕ ಪತ್ರದಡಿ ಬಿಡಿಸುತ್ತಿದ್ದ ವೃತ್ತ ಮತ್ತು ಅಡ್ಡಗೆರೆಗಳ ಗುರುತನ್ನೇ ಹೋಲುತ್ತಿತ್ತು. ಗುಂಡೇಟು ತಿಂದು ಬದುಕುಳಿದವರೊಬ್ಬರು ಅವನ ಫೋಟೊ ಗುರುತಿಸಿದ್ದೂ ನಿಜ, ಆದರೆ 1991ರಲ್ಲಿ, ಘಟನೆ ನಡೆದು 22 ವರ್ಷಗಳಾದ ಮೇಲೆ! ಹಂತಕ ಕೊಂದ ಚಾಲಕನ ಟ್ಯಾಕ್ಸಿಯಲ್ಲಿ ಸಿಕ್ಕ ಬೆರಳಚ್ಚು ಆಲೆನ್‌ನದಲ್ಲ. ಕೈಬರಹ ತಾಳೆಯಾಗಲಿಲ್ಲ. ಹಂತಕನ ಪತ್ರದ ಅಂಚೆಚೀಟಿಯಿಂದ ತೆಗೆದ ಡಿಎನ್‌ಎ ಕೂಡ 2002ರಲ್ಲಿ ಹೊಂದಲಿಲ್ಲ. ಅಷ್ಟರಲ್ಲಿ ಅವನು ಸತ್ತು ಹತ್ತು ವರ್ಷವಾಗಿತ್ತು. ಕೊಲೆ ಆರೋಪ ದಾಖಲಾಗಿರಲೇ ಇಲ್ಲ. ಹಾಗೆಂದು ಅವನೇನು ಸಾಚಾ ಅಲ್ಲ, ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಶಿಕ್ಷೆಯಾದವನು. ಆ ಪಾಪವೇ ಈ ಕೊಲೆಗಳಿಗೆ ಪುರಾವೆಯಾದೀತೇ?

ಹಂತಕ ಕಳುಹಿಸಿದ್ದ 340 ಚಿಹ್ನೆಗಳ ಗೂಢಲಿಪಿಯನ್ನು 2020ರಲ್ಲಿ ಬಿಡಿಸಿದಾಗಲೂ ಅದರಲ್ಲಿ ಯಾರ ಹೆಸರೂ ಸಿಗಲಿಲ್ಲ. ನಮ್ಮ ಕನ್ನಡ ಪತ್ರಿಕೆಗಳಾದರೂ ತಲೆಬರಹದಲ್ಲಿ ‘ಶಂಕಿತ’ ಎಂದೇ ಬರೆಯಲಿ.

– ಓದುಗ, ಧಾರವಾಡ