ಎದೆ ನೋಡಿದರು, ಮರೆವಿನ ಬಗ್ಗೆ ಯಾರೂ ಕೇಳಲಿಲ್ಲ

ಮಾನ್ಯ ಸಂಪಾದಕರೇ,

ನನ್ನ ತಮ್ಮ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಬಾಕಿ ಚಿಲ್ಲರೆಯನ್ನು ಟಿಕೆಟ್ ಹಿಂದೆ ಬರೆದುಕೊಡುವ ಅಭ್ಯಾಸವೇ ಅವನಿಗಿರಲಿಲ್ಲ, ಮುಖ ನೋಡಿದರೆ ಸಾಕು, ಯಾರಿಗೆ ಎಷ್ಟು ಅಂತ ನೆನಪಾಗುತ್ತಿತ್ತು. 2021ರ ಎರಡನೇ ಅಲೆಯಲ್ಲಿ ಕೊರೊನಾ ಬಂತು, ಹೋಯಿತು. ವಾಸಿಯಾಯ್ತು ಅಂದುಕೊಂಡೆವು. ಕೆಲಸಕ್ಕೆ ವಾಪಸ್ ಹೋದ ಮೇಲೆ ನೋಡಿದರೆ ಒಬ್ಬರಿಗೆ ಎರಡು ಸಲ ಚಿಲ್ಲರೆ ಕೊಟ್ಟಿರುತ್ತಾನೆ, ಇನ್ನೊಬ್ಬರಿಗೆ ಕೊಟ್ಟೇ ಇರುವುದಿಲ್ಲ. ಜನ ಕಳ್ಳ ಅಂದರು. ಮನೆಯಲ್ಲಿ ನಾವೂ ‘ಗಮನ ಎಲ್ಲಿಟ್ಟಿರ್ತೀಯಾ’ ಎಂದು ಬೈದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮರುತಪಾಸಣೆಗೆ ಮೂರು ಸಲ ಹೋದ. ಎದೆ ಎಕ್ಸ್‌ರೇ, ಶುಗರ್, ಆಕ್ಸಿಜನ್ ನೋಡಿ ‘ಎಲ್ಲಾ ನಾರ್ಮಲ್’ ಅಂದರು. ನೆನಪು ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ, ನಾಚಿಕೆಗೆ ಅವನೂ ಹೇಳಲಿಲ್ಲ. ಎಂಟು ತಿಂಗಳಾದ ಮೇಲೆ ಬೇರೊಬ್ಬ ವೈದ್ಯರು ನೆನಪು, ಗಮನ ಹೇಗಿದೆ ಅಂತ ನೋಡುವ ಮೋಕಾ ಎಂಬ ಪರೀಕ್ಷೆ ಮಾಡಿದರು. ಸುಮಾರು ಹತ್ತು ನಿಮಿಷದ್ದು, 30 ಅಂಕ, ಕನ್ನಡದಲ್ಲೂ ಇದೆ. ಗಡಿಯಾರ ಬರೆದು ಹನ್ನೊಂದು ಹತ್ತಕ್ಕೆ ಮುಳ್ಳು ಇಡಬೇಕು, ಹೇಳಿದ ಐದು ಪದಗಳನ್ನು ಸ್ವಲ್ಪ ಹೊತ್ತು ಬಿಟ್ಟು ಒಪ್ಪಿಸಬೇಕು, ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ತೊಂಬತ್ತಮೂರು, ಎಂಬತ್ತಾರು ಅಂದವನು ಅಲ್ಲೇ ನಿಂತುಬಿಟ್ಟ. ‘ಎಲ್ಲಿದ್ದೆ ಅಕ್ಕಾ?’ ಎಂದು ನನ್ನ ಮುಖ ನೋಡಿದ. ದಿನವಿಡೀ ಲೆಕ್ಕದಲ್ಲೇ ಬದುಕಿದವನು!

ಇದು ಸುಮ್ನೆ ಮನಸ್ಸಿನ ಭ್ರಮೆಯಲ್ಲ. ಕೊರೊನಾ ನಂತರ ತಿಂಗಳುಗಟ್ಟಲೆ ಉಳಿಯುವ ತೊಂದರೆಗಳಲ್ಲಿ ಸುಸ್ತು, ಏದುಸಿರಿನ ಜೊತೆಗೆ ಮರೆವು, ಗಮನ ನಿಲ್ಲದಿರುವುದೂ ಸೇರಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲೇ ಹೇಳಿದೆ. ಮಿದುಳು ಜ್ವರದಿಂದ ಬದುಕಿ ಬಂದ ಮಕ್ಕಳಲ್ಲೂ ಇಂಥ ತೊಂದರೆ ಉಳಿಯಬಹುದು, ಅವರನ್ನು ಶಾಲೆಯಲ್ಲಿ ದಡ್ಡರು ಅಂದುಬಿಡುತ್ತಾರೆ.

ಒಂದು ಮಾತು. ಅಂಕ ಒಂದನ್ನೇ ನಂಬಬೇಡಿ. ಮೋಕಾವನ್ನು ಕೊರೊನಾಗಾಗಿ ಮಾಡಿದ್ದಲ್ಲ, ಅದು 2005ರಲ್ಲೇ ಬಂದದ್ದು, ವಯಸ್ಸಾದವರ ಮರೆವನ್ನು ಬೇಗ ಗುರುತಿಸಲೆಂದು. ಚಿಕ್ಕ ವಯಸ್ಸಿನವರು, ಜಾಸ್ತಿ ಓದಿದವರು ಅದರಲ್ಲಿ ಪಾಸಾಗಿಯೂ ಕೆಲಸದಲ್ಲಿ ಒದ್ದಾಡಬಹುದು. ಏನು ಕೆಲಸ, ಮೊದಲಿನ ಹಾಗೆ ಆಗುತ್ತಿದೆಯಾ ಅಂತ ಕೇಳಿದರೆ ಅರ್ಧ ಗೊತ್ತಾಗುತ್ತೆ ಅಲ್ವಾ? ಥೈರಾಯ್ಡ್, ಬಿ12 ವಿಟಮಿನ್, ನಿದ್ದೆ, ಖಿನ್ನತೆಯನ್ನೂ ನೋಡಲೇಬೇಕು, ಇವುಗಳ ತೊಂದರೆಯಿಂದಲೂ ಮರೆವು ಬರಬಹುದು, ಇವಕ್ಕೆ ಚಿಕಿತ್ಸೆ ಇದೆ.

ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ತೆರೆದಿದೆ. ಆದರೆ ಅಲ್ಲಿಗೆ ಕಳಿಸುವವರು ಬೇಕು. ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ಡಿಸ್ಚಾರ್ಜ್ ಚೀಟಿಯಲ್ಲಿ ‘ಮೂರು ತಿಂಗಳಿಗೆ ಬನ್ನಿ, ಮರೆವಿದ್ದರೆ ಹೇಳಿ’ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ.

– ಒಬ್ಬ ಅಕ್ಕ, ತೀರ್ಥಹಳ್ಳಿ