ಆರೈಕೆದಾರರ ಆಧಾರ್ ಪ್ರತಿಯನ್ನು ಇನ್ನು ಮುಂದೆ ಏಕೆ ಕಳುಹಿಸುವುದಿಲ್ಲ: ಗ್ರಾಹಕ ಕುಟುಂಬಗಳಿಗೆ ಪತ್ರ

ಮಾನ್ಯರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಸಹಕಾರ ಸಂಘಕ್ಕೆ ಕೆಲಸ ಕೇಳಿಕೊಂಡು ಬರುವ ಯಾರಿಂದಲೂ ಅರ್ಜಿಯ ಜೊತೆ ಆಧಾರ್ ಕಾರ್ಡಿನ ಜೆರಾಕ್ಸ್ ಪಡೆಯುವುದಿಲ್ಲ. ನಿಮ್ಮ ಮನೆಯ ಹಿರಿಯರನ್ನು ನೋಡಿಕೊಳ್ಳಲು ಬರುವವರ ಆಧಾರ್ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ಕಳುಹಿಸುವ ಪದ್ಧತಿಯನ್ನೂ ಅಂದಿನಿಂದ ನಿಲ್ಲಿಸುತ್ತಿದ್ದೇವೆ. ಗುರುತಿನ ದಾಖಲೆ ನೋಡುವುದನ್ನೇ ಕೈಬಿಟ್ಟಿದ್ದೇವೆಂದು ದಯವಿಟ್ಟು ಯಾರೂ ಭಾವಿಸಬೇಡಿ. ಮೂಲ ಕಾರ್ಡನ್ನು ಅರ್ಜಿದಾರರ ಎದುರಿನಲ್ಲೇ, ಹಿಂದಿಗಿಂತ ಹೆಚ್ಚು ಹೊತ್ತು ಪರಿಶೀಲಿಸಿ ಅವರ ಕೈಗೇ ಹಿಂತಿರುಗಿಸುತ್ತೇವೆ.

ಈ ನಿರ್ಧಾರಕ್ಕೆ ಕಾರಣವಾದದ್ದು ನಮ್ಮದೇ ತಪ್ಪು. ಕಳೆದ ವರ್ಷ ಒಂದು ಮನೆಗೆ ಆರೈಕೆಗೆ ಹೊರಟಿದ್ದ ಸದಸ್ಯೆಯೊಬ್ಬರ ಆಧಾರ್ ಪ್ರತಿಯನ್ನು ಎಂದಿನಂತೆ ಆ ಕುಟುಂಬಕ್ಕೆ ಕಳುಹಿಸಿದ್ದೆವು. ಅವರು ಒಳ್ಳೆಯ ಉದ್ದೇಶದಿಂದಲೇ ಅದನ್ನು ಕಾವಲುಗಾರರಿಗೆ ಕಳುಹಿಸಿದರು. ಅಲ್ಲಿಂದ ಅದು ಇಡೀ ವಸತಿ ಸಮುಚ್ಚಯದ ಗುಂಪಿಗೆ ಹೋಯಿತು. ಮೂರನೆಯ ದಿನ ಆ ಸದಸ್ಯೆ ನಮ್ಮ ಕಚೇರಿಗೆ ಬಂದು, ಬೇರೆ ಯಾರೋ ತೋರಿಸಿದ ಆ ಚಿತ್ರವನ್ನು ಮೇಜಿನ ಮೇಲೆ ಫೋನಿಟ್ಟು ನಮಗೂ ತೋರಿಸಿದರು. ಅವರ ಮುಖ, ಹುಟ್ಟಿದ ದಿನಾಂಕ, ಗಂಡನ ಹೆಸರು, ಊರಿನ ಮನೆಯ ಪೂರ್ತಿ ವಿಳಾಸ, 12 ಅಂಕಿಗಳ ಸಂಖ್ಯೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಮೂಲೆಯಲ್ಲಿ ನಮ್ಮ ಸಂಘದ ಮೊಹರೂ ಇತ್ತು. ಇದನ್ನು ವಾಪಸು ತರಿಸಬಹುದೇ ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಕುಟುಂಬವನ್ನು ನಾವು ದೂರುವುದಿಲ್ಲ. ಕಳುಹಿಸಿದವರು ನಾವು. ಆ ಸದಸ್ಯೆಯ ಕ್ಷಮೆ ಕೇಳಿದ್ದೇವೆ, ಈ ಪತ್ರದಲ್ಲಿ ಮತ್ತೊಮ್ಮೆ ಕೇಳುತ್ತೇವೆ.

ಇದು ನಮಗೆ ಮೊದಲೇ ಹೊಳೆಯಬೇಕಿತ್ತು. 2022ರ ಮೇ ತಿಂಗಳಲ್ಲಿ ಆಧಾರ್ ನೀಡುವ ವಿಶಿಷ್ಟ ಗುರುತು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಆಧಾರ್ ಜೆರಾಕ್ಸನ್ನು ಎಲ್ಲೆಂದರಲ್ಲಿ ಕೊಡಬೇಡಿರೆಂದು ಪ್ರಕಟಣೆ ಹೊರಡಿಸಿ, ಎರಡೇ ದಿನದಲ್ಲಿ ಅದನ್ನು ಹಿಂಪಡೆದಾಗ, ಸದ್ಯ ತಲೆನೋವು ತಪ್ಪಿತೆಂದು ನಾವೂ ಸುಮ್ಮನಾಗಿದ್ದೆವು. ಕಾನೂನು ಮಾತ್ರ ಅದಕ್ಕೂ ಹಿಂದೆಯೇ ಬದಲಾಗಿತ್ತು. ಖಾಸಗಿ ಸಂಸ್ಥೆಗಳು ಒಪ್ಪಂದದ ಹೆಸರಿನಲ್ಲಿ ಆಧಾರ್ ಬಳಸಲು ಅವಕಾಶ ಕೊಟ್ಟಿದ್ದ ಆಧಾರ್ ಕಾಯ್ದೆಯ 57ನೇ ಸೆಕ್ಷನ್ನಿನ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ರದ್ದುಪಡಿಸಿತು. 2019ರ ತಿದ್ದುಪಡಿಯು ಕಾರ್ಡುದಾರರ ಒಪ್ಪಿಗೆಯ ಮೇಲೆ, ಪ್ರಾಧಿಕಾರದ ದತ್ತಾಂಶ ಕೇಂದ್ರವನ್ನು ಸಂಪರ್ಕಿಸದೆ ನಡೆಸುವ ಆಫ್‌ಲೈನ್ ಪರಿಶೀಲನೆಗೆ ದಾರಿ ಮಾಡಿಕೊಟ್ಟಿತಾದರೂ, ಹಾಗೆ ಪರಿಶೀಲಿಸುವವರು ಆಧಾರ್ ಸಂಖ್ಯೆಯನ್ನು ಸಂಗ್ರಹಿಸಿಡಬಾರದೆಂದು ಹೇಳಿತು. ನಮ್ಮ ಬೀರುವಿನಲ್ಲಿ ಮಾತ್ರ, ಕೆಲಸಕ್ಕೆ ಆಯ್ಕೆಯಾಗದೆ ಹೋದವರ ಪ್ರತಿಗಳೂ ಸೇರಿ, ದಾರ ಕಟ್ಟಿದ ಕಟ್ಟುಗಳು ಬೆಳೆಯುತ್ತಲೇ ಇದ್ದವು.

ಈಗ, ಈ ಬದಲಾವಣೆಯ ಸುದ್ದಿ ಹರಡಿದಾಗಿನಿಂದ ದಿನವೂ ಫೋನಿನಲ್ಲಿ ಕೇಳಿಬರುತ್ತಿರುವ ಆಕ್ಷೇಪಕ್ಕೆ ಬರುತ್ತೇವೆ: ‘ನಮ್ಮ ಮನೆಯೊಳಗೆ ಬರುವವರ ಆಧಾರ್ ನಮ್ಮ ಹತ್ತಿರ ಇರಬೇಡವೇ? ನಾಳೆ ಏನಾದರೂ ಕಳುವಾದರೆ ಯಾರನ್ನು ಹಿಡಿಯುವುದು?’ ಈ ಭಯವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಅಪರಿಚಿತರ ಕೈಗೆ ಒಪ್ಪಿಸಿ ಕೆಲಸಕ್ಕೆ ಹೋಗುವ ಮಗಳ ಸಂಕಟ ನಮಗೆ ಗೊತ್ತಿದೆ, ಏಕೆಂದರೆ ನಮ್ಮ ಸದಸ್ಯೆಯರಲ್ಲಿ ಹಲವರು ತಮ್ಮ ಮನೆಯಲ್ಲೂ ಅದೇ ಪರಿಸ್ಥಿತಿಯಲ್ಲಿದ್ದಾರೆ. ಆದರೆ ಆಧಾರ್ ಕಾರ್ಡು ಗುಣನಡತೆಯ ಪತ್ರವಲ್ಲ. ಈ ಹೆಸರಿನ, ಈ ಮುಖದ ವ್ಯಕ್ತಿಗೆ ಈ ಸಂಖ್ಯೆ ಕೊಡಲಾಗಿದೆ ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಜೆರಾಕ್ಸ್ ಅಷ್ಟನ್ನೂ ಖಚಿತವಾಗಿ ಹೇಳುವುದಿಲ್ಲ.

ಕೆಲವು ತಿಂಗಳ ಹಿಂದೆ ಒಬ್ಬ ಹುಡುಗಿ ಅರ್ಜಿ ಹಿಡಿದು ಬಂದಳು. ಅವಳು ತಂದಿದ್ದ ಪ್ರತಿಯ ಪ್ರಕಾರ ವಯಸ್ಸು 20. ಹಿಂದಿನ ಪದ್ಧತಿಯಲ್ಲಾಗಿದ್ದರೆ ಅದಕ್ಕೆ ಮೊಹರು ಹಾಕಿ ಕಡತಕ್ಕೆ ಸೇರಿಸುತ್ತಿದ್ದೆವು. ಮೂಲ ಕಾರ್ಡನ್ನು ಕೇಳಿ, ಅದರ ಕ್ಯೂಆರ್ ಸಂಕೇತವನ್ನು ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಅವಳದೇ ಫೋಟೊ ಬಂತು, ಹುಟ್ಟಿದ ವರ್ಷ ಮಾತ್ರ ನಾಲ್ಕು ವರ್ಷ ಮುಂದಿತ್ತು, ಅಂದರೆ ಅವಳಿಗೆ ಇನ್ನೂ 16. ಪ್ರತಿ ತೆಗೆಯುವ ಮೊದಲು ಒಂದೇ ಒಂದು ಅಂಕಿಯ ಮೇಲೆ ಯಾರೋ ಚಿಕ್ಕ ಚೀಟಿ ಅಂಟಿಸಿದ್ದರು. ಆ ಮಗುವಿಗೆ ರಾತ್ರಿ ಪಾಳಿಯ ಕೆಲಸ ಕೊಡಿಸುವ ಹಂತದಲ್ಲಿ ನಾವಿದ್ದೆವು ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕ್ಯೂಆರ್ ಒಳಗಿನ ವಿವರಕ್ಕೆ ಪ್ರಾಧಿಕಾರದ ಡಿಜಿಟಲ್ ಸಹಿ ಇರುವುದರಿಂದ ಕಾಗದವನ್ನು ತಿದ್ದಿದಷ್ಟು ಸುಲಭವಾಗಿ ಅದನ್ನು ತಿದ್ದಲಾಗದು. ಹಾಗೆಂದು ವಯಸ್ಸಿನ ವಿಷಯದಲ್ಲಿ ಆಧಾರ್ ಒಂದನ್ನೇ ನಂಬುವುದೂ ಸರಿಯಲ್ಲ. ನೌಕರರ ಭವಿಷ್ಯನಿಧಿ (ಪಿಎಫ್) ಸಂಘಟನೆಯೇ 2024ರ ಜನವರಿಯಲ್ಲಿ ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ಕೈಬಿಟ್ಟಿದೆ. ಆದ್ದರಿಂದ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರವನ್ನೂ ನೋಡುತ್ತೇವೆ, ನೋಡಿ ಅಲ್ಲಿಯೇ ಹಿಂತಿರುಗಿಸುತ್ತೇವೆ. ಮೂಲ ಅಂಕಪಟ್ಟಿಯನ್ನು ಒತ್ತೆಯಂತೆ ಇಟ್ಟುಕೊಂಡು, ಕೆಲಸ ಬಿಡಲೂ ಆಗದಂತೆ ಹೆಣ್ಣುಮಕ್ಕಳನ್ನು ಕಟ್ಟಿಹಾಕುವ ಏಜೆನ್ಸಿಗಳಿಂದ ತಪ್ಪಿಸಿಕೊಂಡು ಬಂದವರು ನಮ್ಮಲ್ಲಿದ್ದಾರೆ. ಆ ಕೆಲಸವನ್ನು ಈ ಸಂಘ ಒಂದು ದಿನಕ್ಕೂ ಮಾಡಿಲ್ಲ.

ಕಳುವಿನಂತಹ ದೂರು ಬಂದರೆ ಪೊಲೀಸರಿಗೆ ಬೇಕಾದದ್ದೆಲ್ಲ ನಮ್ಮಲ್ಲಿರುತ್ತದೆ. ಆಯ್ಕೆಯಾದ ಪ್ರತಿಯೊಬ್ಬರ ಪೊಲೀಸ್ ಪರಿಶೀಲನಾ ಪತ್ರ, ಹಾಲಿ ವಿಳಾಸ, ಸಂಬಳ ಜಮೆಯಾಗುವ ಬ್ಯಾಂಕ್ ಖಾತೆ, ಹಿಂದೆ ಕೆಲಸ ಮಾಡಿದ ಎರಡು ಮನೆಗಳ ಅಭಿಪ್ರಾಯ ಇವೆಲ್ಲ ಸಂಘದ ಜವಾಬ್ದಾರಿಯಲ್ಲಿವೆ. ಭವಿಷ್ಯನಿಧಿಯ ಸದಸ್ಯತ್ವ ಸಂಖ್ಯೆಯಾದ ಯುಎಎನ್‌ಗೆ ಆಧಾರ್ ಜೋಡಿಸಲೇಬೇಕಾದ್ದರಿಂದ ಆಯ್ಕೆಯಾದವರ ಸಂಖ್ಯೆಯನ್ನು ಅವರ ಎದುರಿನಲ್ಲೇ ನೇರವಾಗಿ ಪೋರ್ಟಲ್‌ನಲ್ಲಿ ನಮೂದಿಸುತ್ತೇವೆ. ನಿಮಗೆ ಆರೈಕೆದಾರರ ಫೋಟೊ, ಹೆಸರು, ಪರಿಶೀಲನೆಯ ದಿನಾಂಕ ಮತ್ತು ಕಾರ್ಯದರ್ಶಿಯ ಸಹಿಯಿರುವ ಸಂಘದ ಗುರುತುಪತ್ರ ಕೊಡುತ್ತೇವೆ. ಮೊದಲ ದಿನ ಅವರು ತಮ್ಮ ಮೂಲ ಆಧಾರನ್ನೂ ಬಾಗಿಲಲ್ಲೇ ತೋರಿಸುತ್ತಾರೆ. ಅವರ ಒಪ್ಪಿಗೆ ಪಡೆದು ನೀವೇ ಸ್ಕ್ಯಾನ್ ಮಾಡಿ ನೋಡಬಹುದು. ದಯವಿಟ್ಟು ಫೋಟೊ ತೆಗೆದುಕೊಳ್ಳಬೇಡಿ. ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರನ್ನಾದರೂ ಕೊಡಿ ಎಂದು ಕೇಳಿದವರಿಗೆ ಒಂದು ಮಾತು: ಅದರಲ್ಲೂ ವಿಳಾಸ ಮತ್ತು ಜನ್ಮದಿನಾಂಕ ಹಾಗೆಯೇ ಇರುತ್ತವೆ.

ಸೇವಾ ಶುಲ್ಕ ಏರಿದ್ದನ್ನು ಕಂಡು ಕೆಲವರು ಆಡಿದ ‘ಕಾಗದ ನೋಡುವುದಕ್ಕೂ ದುಡ್ಡು ಕೀಳುತ್ತಿದ್ದಾರೆ’ ಎಂಬ ಮಾತು ಮಾತ್ರ ನಮಗೆ ನೋವು ತಂದಿದೆ. ಸೇವಾ ಶುಲ್ಕ ಏರಿದ್ದಕ್ಕೂ ಈ ಬದಲಾವಣೆಗೂ ಸಂಬಂಧವಿಲ್ಲ. ಪ್ರತಿ ಸದಸ್ಯೆಯ ಭವಿಷ್ಯನಿಧಿಗೆ ಸಂಬಳದ ಶೇ 12ರಷ್ಟನ್ನು, ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ ಶೇ 3.25ರಷ್ಟನ್ನು ಉದ್ಯೋಗದಾತರ ಪಾಲಾಗಿ ಸಂಘವೇ ಕಟ್ಟಬೇಕು. ಇದನ್ನು ಕಟ್ಟದೆ, ದಿನಗೂಲಿಯ ಲೆಕ್ಕ ತೋರಿಸಿ ನಮಗಿಂತ ಕಡಿಮೆ ದರ ಹೇಳುವವರ ಜೊತೆ ನಮ್ಮನ್ನು ಹೋಲಿಸುವಾಗ ಈ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರಿಶೀಲನೆಯ ಖರ್ಚು ಬೇರೆಯೇ ಇದೆ. ಒಬ್ಬ ಅರ್ಜಿದಾರರ ಮೂಲ ದಾಖಲೆಗಳನ್ನು ಕೂತು ನೋಡಲು, ಹಿಂದಿನ ಮನೆಗಳಿಗೆ ಫೋನ್ ಮಾಡಲು, ಅವರು ಎತ್ತದಿದ್ದರೆ ಮತ್ತೆ ಮಾಡಲು ನಮ್ಮ ಸಿಬ್ಬಂದಿಯೊಬ್ಬರ ಅರ್ಧ ದಿನ ಹೋಗುತ್ತದೆ. ಆ ಖರ್ಚನ್ನು ನಿಮ್ಮಿಂದಾಗಲಿ, ಕೆಲಸ ಕೇಳಿ ಬಂದವರಿಂದಾಗಲಿ ಇದುವರೆಗೆ ಪಡೆದಿಲ್ಲ, ಮುಂದೆಯೂ ಪಡೆಯುವುದಿಲ್ಲ. ಹೊಸಬರನ್ನು ಕಳುಹಿಸಲು ಎರಡು ಮೂರು ದಿನ ತಡವಾಗಬಹುದು. ಆ ಅನನುಕೂಲಕ್ಕೆ ಕ್ಷಮೆಯಿರಲಿ. ತುರ್ತು ಇದ್ದರೆ ಈಗಾಗಲೇ ಪರಿಶೀಲನೆಯಾದ ಸದಸ್ಯೆಯೊಬ್ಬರನ್ನು ಆ ದಿನಗಳಿಗೆ ಕಳುಹಿಸುತ್ತೇವೆ.

ನಿಮ್ಮಲ್ಲಿ ಒಂದು ಕೋರಿಕೆಯಿದೆ. ಈ ಹಿಂದೆ ನಾವು ಕಳುಹಿಸಿದ ಆಧಾರ್ ಪ್ರತಿಗಳು ನಿಮ್ಮ ಫೋನಿನಲ್ಲಿದ್ದರೆ ಅಳಿಸಿಹಾಕಿ, ಕಾಗದದ ಪ್ರತಿಗಳಿದ್ದರೆ ನಮ್ಮ ಸದಸ್ಯೆಯ ಕೈಯಲ್ಲೇ ಕೊಟ್ಟುಬಿಡಿ. ಬೀರುವಿನ ಕಟ್ಟುಗಳನ್ನು ಈ ತಿಂಗಳ ಕೊನೆಯ ಶನಿವಾರ ಸದಸ್ಯೆಯರ ಸಮ್ಮುಖದಲ್ಲಿ ಹರಿದು ನಾಶಪಡಿಸುತ್ತೇವೆ. ನಿಮ್ಮ ಮನೆಯ ಆರೈಕೆದಾರರ ಬಗ್ಗೆ ಏನೇ ಅನುಮಾನವಿದ್ದರೂ ಸಂಘದ ಫೋನಿಗೆ ಕರೆ ಮಾಡಿ ಕಾರ್ಯದರ್ಶಿಯನ್ನೇ ಕೇಳಿ. ಅವರ ದಾಖಲೆಗಳನ್ನು ನಾನೇ ಕೂತು ನೋಡಿರುತ್ತೇನೆ, ಉತ್ತರವನ್ನೂ ನಾನೇ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿ ಮತ್ತು ಎಲ್ಲ ಸದಸ್ಯೆಯರ ಪರವಾಗಿ)